ಕಪ್ಪೆರಾಯನ ಬಾಯಲ್ಲಿ ಜೀರುಂಡೆಯ ಹೆಸರು

ಒಂದಾನೊಂದು ಕಾಲದಲ್ಲಿ, ಹೊಳೆಗೆ ಇನ್ನೂ ಯಾರೂ ಹೆಸರಿಟ್ಟಿರದಾಗ, ಅದರ ದಂಡೆಯಲ್ಲಿ ಒಬ್ಬ ಕಪ್ಪೆರಾಯನಿದ್ದ. ಗಂಟಲು ನಗಾರಿಯಷ್ಟು ದೊಡ್ಡದು, ಒಳಗೆ ಒಂದು ರಾಗವೂ ಇಲ್ಲ. ಅದೇ ದಂಡೆಯ ಹುಲ್ಲಿನ ಬುಡದಲ್ಲಿ ಒಂದು ಜೀರುಂಡೆ ಇತ್ತು. ಅದಕ್ಕೆ ರಾಗವಿತ್ತು, ದನಿ ಮಾತ್ರ ಸೂಜಿಯಷ್ಟು. ಕಪ್ಪೆರಾಯ ಬಂದು ಕೇಳಿದ: "ಈ ಬೇಸಿಗೆಗೆ ನಿನ್ನ ರಾಗ ಕೊಡು. ಹೊಳೆಯಾಚೆಗೂ ಕೇಳೋ ಹಾಗೆ ಹಾಡ್ತೀನಿ. ಬೇಸಿಗೆ ಮುಗಿದ ಕೂಡಲೇ ಇದು ಜೀರುಂಡೆಯದು ಅಂತ ಸಾರಿಬಿಡ್ತೀನಿ." ಜೀರುಂಡೆ ಕೊಟ್ಟಿತು. ಕಪ್ಪೆರಾಯ ಹಾಡಿದ, ಹೊಳೆಯಾಚೆಯವರು ತಲೆದೂಗಿದರು. ಎಲೆ ಉದುರಿದಾಗ ಜೀರುಂಡೆ ಹೋಗಿ ಬಾಗಿಲು ತಟ್ಟಿತು. ಕಪ್ಪೆರಾಯ ಹೊರಗೆ ಇಣುಕಿ, "ಇನ್ನೂ ಸೆಖೆ ಇದೆಯಲ್ಲ," ಅಂದ. ಹಿಮ ಬಿದ್ದಾಗ ಮತ್ತೆ ಹೋಯಿತು. "ಅಬ್ಬಬ್ಬಾ, ಏನು ಸೆಖೆ!" ಅಂದ.

ಅಜ್ಜಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದೇನಾಯಿತು ಎಂದರೆ, "ಮುಂದೆ ಏನೂ ಆಗಿಲ್ಲ," ಎನ್ನುತ್ತಿದ್ದಳು. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಸಿಟ್ಟಿಗೆ ಅಳು ಬಂದು, ಹಾಸಿಗೆಯ ಮೇಲೆ ಎದ್ದು ನಿಂತು, "ಆ ಕಪ್ಪೆ ಬಾಯಿಂದಾನೇ ನಾನು ಹೇಳಿಸ್ತೀನಿ," ಎಂದೆ. ಅಜ್ಜಿ ನಗಲಿಲ್ಲ. "ಮಾತು ಕೊಟ್ಟಿದೀಯ ಕೋರೀನ್. ಅದನ್ನ ನಾನು ಮರೆಯಲ್ಲ," ಎಂದಳು.

ಕಪ್ಪೆರಾಯ ಯಾರೆಂದು ಗೊತ್ತಾಗಲು ನನಗೆ ಇನ್ನೂ ಕೆಲವು ವರ್ಷ ಬೇಕಾದವು. ಅವನ ಹೆಸರು ನಮ್ಮ ಊರಿನ ಉದ್ಯಾನದ ಸಂಗೀತ ಮಂಟಪದ ಹಣೆಯ ಮೇಲೆ, ಮೊಳದುದ್ದದ ಅಕ್ಷರಗಳಲ್ಲಿ ಇದೆ: ಆರ್ವಿಲ್ ಬ್ರೆಕೆ. ನಮ್ಮ ನ್ಯೂ ಆಲ್ಟಾದ ಜಾಝ್ ತಂಡವನ್ನು ಕಟ್ಟಿದವನು. ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ಗುರುವಾರ ಸಂಜೆ ಆ ಮಂಟಪದಲ್ಲಿ ತಂಡ ನುಡಿಸುತ್ತದೆ. ಕೊನೆಯ ಕಚೇರಿ ಮೆಕ್ಕೆಜೋಳದ ಹಬ್ಬದ ಶನಿವಾರ. ಎಲ್ಲ ಕಚೇರಿಗಳೂ ಮುಗಿಯುವುದು ಒಂದೇ ರಾಗದಲ್ಲಿ. 'ದೋಣಿ ಬರುವ ಹೊತ್ತು' ಎಂದು ಅದರ ಹೆಸರು. ಅದು ಶುರುವಾದರೆ ನಮ್ಮ ಅಯೋವಾ ಸೀಮೆಯ ಗಂಡಸರು, ಹೆಂಡತಿ ಸತ್ತರೂ ಅಳದವರು, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತಾರೆ. ಕಾರ್ಯಕ್ರಮದ ಹಾಳೆಯಲ್ಲಿ ಅದರ ಮುಂದೆ ಅಚ್ಚಾಗಿರುವುದು ಬ್ರೆಕೆಯ ಹೆಸರು.

ಆ ರಾಗ ನನ್ನ ಅಜ್ಜಿ ಆರ್ಡೆಲ್ಲಾ ರೌಂಡ್‌ಟ್ರೀಯದು.

ಆಗ ಅವಳಿಗೆ ಹತ್ತೊಂಬತ್ತು. ಅವಳ ತಾಯಿ ಬ್ರೆಕೆಯ ಮನೆಯ ಹಿಂದಿನ ಕೋಣೆಯಲ್ಲಿ ತಂಡದವರ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಾಯಿಗಾಗಿ ಕಾಯುತ್ತ ಅಜ್ಜಿ ಮುಂದಿನ ಕೋಣೆಯ ಪಿಯಾನೋ ನುಡಿಸುತ್ತಿದ್ದಳು. ಆ ಪಿಯಾನೋ ಮುಟ್ಟಬಹುದಿತ್ತು. ತಂಡದಲ್ಲಿ ಕೂರುವಂತಿರಲಿಲ್ಲ, ಮಂಟಪದ ಮುಂದಿನ ಹುಲ್ಲಿನ ಮೇಲೂ ಕೂರುವಂತಿರಲಿಲ್ಲ. ನಮ್ಮವರು, ಊರಿನ ಕಪ್ಪು ಜನ, ದೂರದ ದಿಬ್ಬದ ಮೇಲೆ ನಿಂತು ಕೇಳುತ್ತಿದ್ದರು. ಬ್ರೆಕೆ ಆ ರಾಗವನ್ನು ಬರೆದುಕೊಂಡ. ಈ ಬೇಸಿಗೆ ನುಡಿಸಿ ನೋಡೋಣ, ಆಮೇಲೆ ನಿನ್ನ ಹೆಸರು ಹಾಕೋಣ, ಎಂದ. ಸಾಯುವವರೆಗೂ ಹಾಕಲಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಊರಿನ ಹಳಬರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುವುದಿಲ್ಲ, ಅದೇ ನನ್ನ ಹೊಟ್ಟೆಯೊಳಗಿನ ಕೆಂಡ. ಕದ್ದವನು ಒಬ್ಬ. ಅರವತ್ತು ವರ್ಷ ಅದಕ್ಕೆ ಚಪ್ಪಾಳೆ ತಟ್ಟಿದ್ದು ಇಡೀ ಊರು.

ನಾನು ಈಗ ಅದೇ ತಂಡದಲ್ಲಿ ದೊಡ್ಡ ಸ್ಯಾಕ್ಸೊಫೋನ್ ನುಡಿಸುತ್ತೇನೆ. ಸಿಟ್ಟಿದ್ದೂ ಯಾಕೆ ಸೇರಿದೆ ಎಂದು ಕೇಳುವವರಿಗೆ ಒಂದೇ ಉತ್ತರ: ಕಪ್ಪೆಯ ಮನೆಯೊಳಗೆ ಹೋಗದೆ ಅದರ ಬಾಯಿ ತೆರೆಸುವುದು ಹೇಗೆ? ಮೂರು ವರ್ಷ, ವಸಂತ ಬಂದ ಕೂಡಲೇ, ಚರ್ಚಿನ ನೆಲಮಾಳಿಗೆಯಲ್ಲಿ ಹಬ್ಬದ ಸಮಿತಿ ಸೇರಿದಾಗ ನೀರುನೀರು ಕಾಫಿ ಕುಡಿಯುತ್ತ, ಅಜ್ಜಿಯ ಹೆಸರು ಹಾಕಿ ಎಂದು ಕೇಳಿದ್ದೇನೆ. ಸಮಿತಿಯ ಯಜಮಾನಿ ಮಾರ್ಲೀಸ್ ಟ್ವೀಟನ್, ಬ್ರೆಕೆಯ ಮಗಳು, ಮೂರು ವರ್ಷವೂ ತಲೆಯನ್ನು ಒಂದು ಬದಿಗೆ ವಾಲಿಸಿ, "ಎಷ್ಟು ಒಳ್ಳೇ ಯೋಚನೆ ಕಣಮ್ಮ. ನೋಡೋಣ," ಎಂದಳು. ನಮ್ಮ ಊರಲ್ಲಿ ಯಾರೂ 'ಇಲ್ಲ' ಎನ್ನುವುದಿಲ್ಲ. ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. 'ನೋಡೋಣ'ದ ಜೊತೆ ಯಾರು ಗುದ್ದಾಡುತ್ತಾರೆ? ಅದು ಮಂಜು. ಹೊಡೆದ ಕೈಯೇ ಒದ್ದೆಯಾಗುತ್ತದೆ.

ಈ ವರ್ಷ ಕಾಯಲು ಸಮಯವಿರಲಿಲ್ಲ. ಅಜ್ಜಿಯ ಬಲಗಿವಿ ಹೋಗಿ ಎರಡು ವರ್ಷ. ಎಡಗಿವಿ ಹಿಮ ಬೀಳುವ ಹೊತ್ತಿಗೆ ಹೋಗುತ್ತದೆ, ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ನಗರದ ವೈದ್ಯರು ಹೇಳಿದ್ದರು. ಮಂಟಪದಿಂದ ಬರುವ ತನ್ನ ಹೆಸರನ್ನು ಅವಳು ಕೇಳಬೇಕಾದರೆ ಇದೇ ಕೊನೆಯ ಬೇಸಿಗೆ. ಇದನ್ನೂ ಸಮಿತಿಗೆ ಹೇಳಿದೆ. "ಅಯ್ಯೋ ಪಾಪ," ಎಂದರು. ಎಂಟು ಜನ ಒಟ್ಟಿಗೆ ಪಾಪ ಎಂದರು. ಜುಲೈ ಕೊನೆಗೆ ಕಾರ್ಯಕ್ರಮದ ಹಾಳೆ ಅಚ್ಚಾಗಿ ಬಂತು. ಈ ಸಲದ ಹಬ್ಬ ಬ್ರೆಕೆ ಹುಟ್ಟಿದ ನೂರನೆಯ ವರ್ಷದ ನೆನಪಿಗೆ. ಮೊದಲ ಪುಟದಲ್ಲಿ ಅವನ ಮುಖ, ಕೊನೆಯ ಪುಟದಲ್ಲಿ ನಮ್ಮ ರಾಗ, ಅದರ ಮುಂದೆ ಅವನ ಹೆಸರು. ಮಾರುವ ಅಂಗಿಗಳ ಮೇಲೂ ಅವನೇ ನಗುತ್ತಿದ್ದ.

ಹಬ್ಬಕ್ಕೆ ಎರಡು ದಿನ ಇರುವಾಗ ಮಾರ್ಲೀಸ್ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಗಾಜಿನ ತಟ್ಟೆ. ನಮ್ಮ ಕಡೆ ತಪ್ಪು ಮಾಡಿದವರು ತಪ್ಪಾಯಿತು ಎನ್ನುವುದಿಲ್ಲ, ಬೇಯಿಸಿ ತರುತ್ತಾರೆ. ತಟ್ಟೆಯನ್ನು ಒಳಗೆ ತೆಗೆದುಕೊಂಡರೆ ವಿಷಯ ಮುಗಿಯಿತು. ಮತ್ತೆ ಆ ಮಾತು ಎತ್ತುವಂತಿಲ್ಲ. ತಟ್ಟೆ ಬೇಡವೆಂದವರನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ.

"ಆರ್ಡೆಲ್ಲಾ, ಹೇಗಿದೀರಿ?" ಎಂದಳು. ಅಜ್ಜಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಹೆಂಗಸನ್ನು ಹೆಸರಿನ ಮುಂದೆ ಮರ್ಯಾದೆಯ 'ಮಿಸ್' ಸೇರಿಸದೆ ಬೆಕ್ಕು ಕೂಡ ಕರೆಯುವುದಿಲ್ಲ. "ಸ್ವಲ್ಪ ಆಲೂಗಡ್ಡೆ, ಹಂದಿಮಾಂಸ ಬೇಯಿಸಿದ್ದೆ. ಜಾಸ್ತಿ ಆಗೋಯ್ತು, ಅದಕ್ಕೇ..."

"ಜಾಸ್ತಿ ಆದ್ರೆ ಇನ್ನೊಂದ್ಸಲ ಕಮ್ಮಿ ಮಾಡು," ಎಂದಳು ಅಜ್ಜಿ. ತಟ್ಟೆ ಅವಳ ಮಡಿಲಿಗೆ ಬಂದು ಕೂತಿತ್ತು. ಅವಳು ಅದನ್ನು ಮುಟ್ಟಿರಲಿಲ್ಲ.

"ಒಂದು ಸಂತೋಷದ ಸುದ್ದಿ ಇದೆ. ಶನಿವಾರ ನಿಮ್ಮನ್ನ ಮೊದಲನೇ ಸಾಲಲ್ಲಿ ಕೂರಿಸ್ತೀವಿ. ರಿಬ್ಬನ್ ಕಟ್ತೀವಿ. ತಂಡದ ಅತ್ಯಂತ ಹಳೇ ಅಭಿಮಾನಿ ಅಂತ!"

"ಏನಂತೆ?" ಎಂದು ಅಜ್ಜಿ ಎಡಗಿವಿಯನ್ನು ನನ್ನತ್ತ ತಿರುಗಿಸಿದಳು.

"ಹಳೇ ಅಭಿಮಾನಿ ಅಂತೆ!" ಎಂದು ಕೂಗಿದೆ.

"ಯಾರ ಅಭಿಮಾನಿ?"

"ನಮ್ಮ ಅಪ್ಪನ ಸಂಗೀತದ್ದು," ಎಂದಳು ಮಾರ್ಲೀಸ್, ನಗುತ್ತಲೇ.

ಅಜ್ಜಿ ತಟ್ಟೆಯನ್ನು ನಿಧಾನವಾಗಿ ತಲೆಯ ಮಟ್ಟಕ್ಕೆ ಎತ್ತಿ ತಳ ನೋಡಿದಳು. ನಮ್ಮ ಊರಿನ ಎಲ್ಲ ತಟ್ಟೆಗಳ ಹಾಗೆ ಅದರ ತಳದಲ್ಲೂ ಅಂಟುಪಟ್ಟಿಯ ಮೇಲೆ ಶಾಯಿಯಲ್ಲಿ ಹೆಸರು ಬರೆದಿತ್ತು.

"ಮಾರ್ಲೀಸ್ ಟ್ವೀಟನ್," ಎಂದು ಓದಿದಳು. "ಫೋನ್ ನಂಬರ್ ಬೇರೆ. ಇದ್ಯಾಕೆ ಬರೆದಿದೀಯಾ?"

"ಅದು... ಚರ್ಚಿನ ಊಟದಲ್ಲಿ ಕಲಸಿಹೋಗುತ್ತಲ್ಲ. ಎಲ್ಲಾ ತಟ್ಟೆನೂ ಒಂದೇ ಥರ. ಯಾರದು ಅಂತ ಗೊತ್ತಾಗ್ಬೇಕಲ್ವಾ?"

"ನಾನು ಈ ಪಟ್ಟಿ ಕಿತ್ತು ನನ್ನ ಹೆಸರು ಅಂಟಿಸಿ, ಅರವತ್ತು ವರ್ಷ ಇಟ್ಕೊಂಡು, ಆಮೇಲೆ ನಿನ್ನ ಕರೆದು, ಬಾರಮ್ಮ, ನೀನು ನನ್ನ ತಟ್ಟೆಯ ಅಭಿಮಾನಿ ಅಂತ ರಿಬ್ಬನ್ ಕಟ್ಲಾ?"

ಮಾರ್ಲೀಸಳ ಕುತ್ತಿಗೆ ಕೆಂಪಾಯಿತು. "ಆರ್ಡೆಲ್ಲಾ, ಅಪ್ಪ ಕೆಟ್ಟವರಲ್ಲ. ಆ ಕಾಲ ಹಾಗಿತ್ತು."

"ಕಾಲಕ್ಕೆ ಕೈ ಇರ್ಲಿಲ್ಲ. ಬರೆದುಕೊಂಡದ್ದು ಅವನ ಕೈ."

"ನಂಗೆ ಗೊತ್ತಿಲ್ಲ ಅಂದ್ಕೊಂಡಿದೀರಾ?" ಮಾರ್ಲೀಸ್ ತಟ್ಟನೆ ಕಿರುಚಿದಳು. ಅವಳ ಬಾಯಲ್ಲಿ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಐದು ವರ್ಷದವಳು, ಬಾಗಿಲ ಹಿಂದೆ ಕೂತು ಕೇಳ್ತಿದ್ದೆ. ನೀವು ನುಡಿಸೋದು, ನಿಲ್ಲಿಸೋದು, ಮತ್ತೆ ಬೇರೆ ಥರ ನುಡಿಸೋದು. ನಂಗೆ ಗೊತ್ತು! ಆದ್ರೆ ಇದು ಅಪ್ಪನ ನೂರನೇ ವರ್ಷ. ಇದೊಂದು ಬೇಸಿಗೆ ಬಿಟ್ಬಿಡಿ. ಮುಂದಿನ ಬೇಸಿಗೆ..."

"ಮುಂದಿನ ಬೇಸಿಗೆಗೆ ನಂಗೆ ಕಿವಿ ಇರಲ್ಲ," ಎಂದಳು ಅಜ್ಜಿ. ಬಿಸಿ ತಟ್ಟೆಯನ್ನು ಅವಳ ಕೈಗೇ ಇಟ್ಟಳು. "ತಗೊಂಡು ಹೋಗು."

ತುಂಬಿದ ತಟ್ಟೆ ಹಿಡಿದುಕೊಂಡು ಮಾರ್ಲೀಸ್ ನಮ್ಮ ಬೀದಿಯುದ್ದಕ್ಕೂ ತನ್ನ ಕಾರಿನವರೆಗೆ ನಡೆದಳು. ಜಗುಲಿಗಳ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತು ನೋಡಿದರು. ನನಗೆ ಒಂದು ಚೂರೂ ಕನಿಕರ ಬರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಾಳೆ ಎಂದು ಇಷ್ಟು ವರ್ಷ ಒಳಗೊಳಗೇ ಕ್ಷಮಿಸಿದ್ದೆನಲ್ಲ, ಆ ಕ್ಷಮೆಯನ್ನೆಲ್ಲ ವಾಪಸು ತೆಗೆದುಕೊಂಡೆ.

ಶನಿವಾರ ಸಂಜೆ ಏಳು. ಸೂರ್ಯ ಇನ್ನೂ ಧಾನ್ಯದ ಗೋಪುರದ ಮೇಲಿದ್ದ. ಮಡಚುವ ಕುರ್ಚಿಗಳು ಮಂಟಪದಿಂದ ದಿಬ್ಬದವರೆಗೆ ಹರಡಿದ್ದವು. ಬೆಣ್ಣೆ ಸವರಿದ ಜೋಳ ಕಚ್ಚುತ್ತ ಸಾವಿರಾರು ಜನ ಕೂತಿದ್ದರು. ದಿಬ್ಬದ ಮೇಲೇ ಇರಬೇಕೆಂಬ ಕಟ್ಟಳೆ ಹೋಗಿ ಎಷ್ಟೋ ವರ್ಷವಾದರೂ ನಮ್ಮ ಬೀದಿಯವರು ಅಲ್ಲೇ ಕೂರುತ್ತಾರೆ. ಅಜ್ಜಿ ಮಾತ್ರ ಮೊದಲನೇ ಸಾಲಿಗೆ ಬಂದಿದ್ದಳು. ರಿಬ್ಬನ್ ಕಟ್ಟಲು ಬಂದವಳಿಗೆ, "ದನಗಳ ಪ್ರದರ್ಶನದ ಕರುವಿಗೆ ಕಟ್ಟು, ಅದು ಬಹುಮಾನ ಗೆದ್ದಿದೆ," ಎಂದು ಕಳಿಸಿದಳಂತೆ.

ಹನ್ನೊಂದು ರಾಗ ಮುಗಿದವು. ತಂಡದ ಮುಖ್ಯಸ್ಥ ಡ್ವೈಟ್ ಲೆಂಕರ್, ಶಾಲೆಯಲ್ಲಿ ಸಂಗೀತ ಕಲಿಸುವ ಮೆತ್ತನೆಯ ಮನುಷ್ಯ, ಬ್ರೆಕೆಯ ಗುಣಗಾನ ಮಾಡಿ ನಮ್ಮತ್ತ ತಿರುಗಿ ಕೈ ಎತ್ತಿದ. 'ದೋಣಿ ಬರುವ ಹೊತ್ತು' ಶುರುವಾಗುವುದು ದೊಡ್ಡ ಸ್ಯಾಕ್ಸೊಫೋನ್ ಒಂದರಿಂದಲೇ. ಎಂಟು ಆವರ್ತ ನಾನೊಬ್ಬಳೇ ಊದಬೇಕು, ಆಮೇಲೆ ಉಳಿದವರು ಸೇರುವುದು.

ಡ್ವೈಟ್ ಕೈ ಇಳಿಸಿದ. ನಾನು ಊದಲಿಲ್ಲ.

ಮತ್ತೆ ಎತ್ತಿದ, ಇಳಿಸಿದ. "ಕೋರೀನ್," ಎಂದು ಪಿಸುಗುಟ್ಟಿದ. "ಏನಾಯ್ತು?"

"ಹೆಸರು ಹೇಳಿ."

"ಮುಗೀಲಿ, ಆಮೇಲೆ ಮಾತಾಡೋಣ. ಪ್ಲೀಸ್."

"ಆಮೇಲೆ ಅನ್ನೋದನ್ನ ಅರವತ್ತು ವರ್ಷ ಕೇಳಿದೀವಿ. ಹೆಸರು ಹೇಳಿ, ಊದ್ತೀನಿ."

ನಾನು ಪಿಸುಗುಟ್ಟಲಿಲ್ಲ. ಮುಂದಿನ ಹತ್ತು ಸಾಲಿಗೆ ಕೇಳಿಸಿತು. ಡ್ವೈಟ್ ಬೆವರುತ್ತ ನನ್ನನ್ನು ಬಿಟ್ಟು ಒಂಬತ್ತನೇ ಆವರ್ತದಿಂದ ಶುರುಮಾಡಿ ಎಂದು ಉಳಿದವರಿಗೆ ಸನ್ನೆ ಮಾಡಿದ. ಎಪ್ಪತ್ತಾರರ ವರ್ಲಿನ್ ಸ್ಟೂಬಿ ತುತ್ತೂರಿಯನ್ನು ಮಡಿಲಿಗಿಳಿಸಿದ. "ನಂಗ್ಯಾಕೋ ತುಟಿ ಒಣಗಿದೆ ಡ್ವೈಟ್," ಎಂದ. ಪಿಯಾನೋದವಳು ಎರಡು ಸ್ವರ ಒತ್ತಿ, ಸುತ್ತ ನೋಡಿ, ಕೈ ತೆಗೆದಳು. ಉಳಿದವರೆಲ್ಲ ತಮ್ಮ ಬೂಟುಗಳನ್ನೇ ಪರೀಕ್ಷಿಸುತ್ತಿದ್ದರು.

ನಮ್ಮ ಊರಿನವರು ಕೂಗಾಡುವವರಲ್ಲ. ಕೆಮ್ಮಿದರು. ಚೀಲ ತಡಕಿದರು. ಒಬ್ಬ, "ಏನಮ್ಮಾ, ಕೊಳವೇಲಿ ಜೋಳ ಸಿಕ್ಕಾಕ್ಕೊಂಡಿದ್ಯಾ?" ಎಂದ. ಕೆಲವರು ನಕ್ಕರು. ಆಗ ದಿಬ್ಬದಿಂದ ನಮ್ಮ ಚರ್ಚಿನ ಹಿರಿಯ ಹೊಸಾಯನ ದನಿ ಉರುಳಿ ಬಂತು: "ಹೆಸರು ಹೇಳ್ರಪ್ಪಾ! ನಾವಿಲ್ಲಿ ನಿಮ್ಮಜ್ಜನ ಕಾಲದಿಂದ ಕಾಯ್ತಿದೀವಿ!" ಅವನ ಹಿಂದೆ ಇಡೀ ದಿಬ್ಬ ಎದ್ದು ನಿಂತಿತು.

ಮಾರ್ಲೀಸ್ ಮಂಟಪದ ಮೆಟ್ಟಿಲು ಹತ್ತಿ ನೇರ ನನ್ನ ಬಳಿ ಬಂದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು. "ನಮ್ಮಪ್ಪನ ಹಬ್ಬ ಹಾಳ್ಮಾಡ್ತಿದೀಯ."

"ಹೌದು," ಎಂದೆ. "ನಾನೇ ಮೈಕ್ ಹಿಡಿದು ಹೇಳ್ಬಹುದಿತ್ತು, ಮಿಸೆಸ್ ಟ್ವೀಟನ್. ಹೇಳಲ್ಲ. ಬಾಗಿಲ ಹಿಂದೆ ಕೂತು ಕೇಳಿದ್ದು ನಾನಲ್ಲ."

ಅವಳು ತಿರುಗಿ ಡ್ವೈಟನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಈ ಕೊನೇ ರಾಗ," ಎಂದಳು ಮೆಲ್ಲಗೆ, "ನಮ್ಮ ಆರ್ಡೆಲ್ಲಾ ಅವರ ನೆರವಿನಿಂದ..."

"ಕೇಳಿಸ್ಲಿಲ್ಲ!" ಮೊದಲನೇ ಸಾಲಿನಿಂದ ಅಜ್ಜಿ.

"ಆರ್ಡೆಲ್ಲಾ ರೌಂಡ್‌ಟ್ರೀ ಅವರ ಪ್ರೇರಣೆಯಿಂದ..."

"ಕೇಳಿಸ್ಲಿಲ್ಲ ಅಂದೆ!"

ನಿಜಕ್ಕೂ ಕೇಳಿಸಿರಲಿಲ್ಲವೋ, ಕೇಳಿಸಿಯೇ ಹಾಗೆಂದಳೋ, ನಾನು ಈವರೆಗೂ ಕೇಳಿಲ್ಲ. ಮಾರ್ಲೀಸ್ ಮಂಟಪದ ಅಂಚಿಗೆ ನಡೆದಳು. ಅಜ್ಜಿಯ ಎಡಗಿವಿ ಇದ್ದ ಕಡೆಗೆ ಬಾಗಿ, ಮೈಕನ್ನು ಬಾಯಿಗೆ ಒತ್ತಿ, ಅರವತ್ತೇಳು ವರ್ಷದ ಸಭ್ಯತೆಯನ್ನೆಲ್ಲ ಹರಿದುಹಾಕಿ ಕಿರುಚಿದಳು:

"ಈ ರಾಗ ಕಟ್ಟಿದ್ದು ಮಿಸ್ ಆರ್ಡೆಲ್ಲಾ ರೌಂಡ್‌ಟ್ರೀ! ನಮ್ಮನೆ ಪಿಯಾನೋ ಮೇಲೆ! ನಮ್ಮಪ್ಪ ಅಲ್ಲ! ನಾನು ಕಿವಿಯಾರೆ ಕೇಳಿದೀನಿ! ಸಾಕಾ?"

ಉದ್ಯಾನದಲ್ಲಿ ಜೋಳ ಕಚ್ಚುವ ಸದ್ದೂ ಇರಲಿಲ್ಲ. ಅಜ್ಜಿ ಕುರ್ಚಿಗೆ ಒರಗಿ, ಮಡಿಲಲ್ಲಿ ಕೈ ಕಟ್ಟಿಕೊಂಡಳು.

"ಕೇಳಿಸ್ತು," ಎಂದಳು.

ನಾನು ಊದಿದೆ.