ಉಸಿರೆಣಿಸುವ ಅಕ್ಕ

ಎದುರಿಗೆ ಯಾರೇ ನಿಂತಿರಲಿ, ಅಕ್ಕ ಅವರ ಮುಖ ನೋಡುತ್ತಿರಲಿಲ್ಲ, ಪಕ್ಕೆ ನೋಡುತ್ತಿದ್ದಳು. ಕುರಿಸಾಕಣೆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಕುರಿಗಳ ಉಸಿರೆಣಿಸಿದ ಆ ಕಣ್ಣುಗಳಿಗೆ, ಮನುಷ್ಯರ ವಿಷಯದಲ್ಲಿ ಬೇರೆ ಶಿಷ್ಟಾಚಾರವಿದೆಯೆಂಬುದು ಹೊಳೆದೇ ಇರಲಿಲ್ಲ. ಮಾತಿನ ನಡುವೆಯೇ ತುಟಿ ಸದ್ದಿಲ್ಲದೆ ಅಲುಗುವುದು, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುವುದು, ಆಮೇಲೆ, "ನಿಮಗೆ ಇಪ್ಪತ್ತೆಂಟು. ಓಡಿ ಬಂದ್ರಾ? ಕೂತ್ಕೊಳ್ಳಿ ಮೊದ್ಲು" ಎಂಬ ಅಪ್ಪಣೆ. ಸೀರೆಯ ಮೇಲೆ ಗಂಡಸರ ಖಾಕಿ ಕೋಟು ತೊಟ್ಟು, ಎಡಗಾಲನ್ನು ಕೊಂಚ ಎಳೆಯುತ್ತ ನಡೆಯುವ ಈಕೆಯನ್ನು ಹಿರಿಯರು ಕಿರಿಯರೆನ್ನದೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಒಡಹುಟ್ಟಿದ ತಮ್ಮನೂ ಅಲ್ಲೇ ಉಣ್ಣೆ ಕತ್ತರಿಸುವ ಕೆಲಸದಲ್ಲಿದ್ದ.

ಆ ಬೇಸಿಗೆ ಮೇಲಧಿಕಾರಿಗಳು ಭೇಟಿಗೆ ಬರುವರೆಂದು ಗೊತ್ತಾದೊಡನೆ ಹೊಸ ಮ್ಯಾನೇಜರು ಎರಡು ಘನಕಾರ್ಯ ಕೈಗೊಂಡರು. ಕುರಿದೊಡ್ಡಿಯ ಚಾವಣಿ ತಗಡುಗಳನ್ನು ಕಳಚಿಸಿ ಅತಿಥಿಗಳ ಚಪ್ಪರಕ್ಕೆ ಹೊದಿಸಿದರು. ಮಂದೆ ಅಚ್ಚುಕಟ್ಟಾಗಿ ಕಾಣಲೆಂದು ಎಲ್ಲ ಕುರಿಗಳನ್ನೂ ಚರ್ಮ ಕಾಣುವಂತೆ ಬೋಳಿಸಬೇಕೆಂದು ಆಜ್ಞಾಪಿಸಿದರು.

"ನೆರಳಿದ್ರೆ ಬೋಳಿಸಿದ್ದು ಒಳ್ಳೇದೇ ಸಾರ್, ಮೈಬಿಸಿ ಹೊರಗೆ ಹೋಗುತ್ತೆ," ಎಂದಳು ಅಕ್ಕ. "ಬಯಲಲ್ಲಿ ಹಾಗಲ್ಲ. ಬೆನ್ನ ಮೇಲೆ ಎರಡು ಬೆರಳು ದಪ್ಪ ಉಣ್ಣೆ, ತುಪ್ಪಟ ಇದ್ರೆ ಬಿಸಿಲು ಅಲ್ಲೇ ನಿಲ್ಲುತ್ತೆ."

"ಅಲ್ಲಮ್ಮ, ಈ ಬಿಸಿಲಲ್ಲಿ ನೀನು ಸ್ವೆಟರ್ ಹಾಕ್ಕೋತೀಯಾ?"

ವಯಸ್ಸಿನಲ್ಲಿ ಆಕೆಯ ಮಗನಂತಿದ್ದವರ ಈ ಏಕವಚನದ ಚಮತ್ಕಾರಕ್ಕೆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಫ್ಯಾನಿನ ಕೆಳಗೆ ಕೂತು ಆಡುವ ಜಾಣತನಕ್ಕೆ ನಗುವವರ ಬರಗಾಲ ಯಾವ ಕಚೇರಿಯಲ್ಲೂ ಇಲ್ಲ.

ಮೊದಲ ದಿನ ಅಕ್ಕನ ತಮ್ಮ ಅರ್ಧ ಮಂದೆಯ ಉಣ್ಣೆ ಕತ್ತರಿಸಿದ. ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಅದೇ ಬಯಲಲ್ಲಿ ನಿಂತು ಎಣಿಸಿದಳು: ತುಪ್ಪಟವಿದ್ದವಕ್ಕೆ ನಿಮಿಷಕ್ಕೆ ನೂರಾ ಹತ್ತು, ಬೋಳಾದವಕ್ಕೆ ನೂರಾ ತೊಂಬತ್ತು, ಬಾಯಿ ತೆರೆದು, ನಾಲಿಗೆ ಚಾಚಿ. ಚೀಟಿಯಲ್ಲಿ ಬರೆದು ಒಯ್ದಳು. ಮ್ಯಾನೇಜರು ಅದರ ಮೇಲೆ ಟೀ ಲೋಟ ಇಟ್ಟರು.

ಮರುದಿನ ಎರಡು ಕುರಿ ಸತ್ತವು. ಸಾವಿನ ದಾಖಲೆ ಪುಸ್ತಕದಲ್ಲಿ ಕಾರಣ ಆಗಲೇ ಬರೆದಾಗಿತ್ತು: ವೃದ್ಧಾಪ್ಯ. ಸಹಿಗೆ ಅಕ್ಕನನ್ನು ಕರೆಸಿದರು.

"ಇನ್ನೂ ಎರಡು ಹಲ್ಲಿನ ಮರಿಗಳು ಸಾರ್ ಅವು! ಮುಪ್ಪು ಯಾವಾಗ ಬಂತು?" ಪೆನ್ನನ್ನು ಮೇಜಿಗೆ ಕುಕ್ಕಿ ಹೊರಟಳು. ಬಾಗಿಲಲ್ಲಿ ಕಾದಿದ್ದ ತಮ್ಮ ಕತ್ತರಿಯನ್ನು ನೆಲಕ್ಕೆ ಹಾಕಿದ. "ಅಕ್ಕಾ, ನನ್ನ ಕೈಲಿ ಇನ್ನೊಂದೂ ಆಗಲ್ಲ."

ಭೇಟಿಯ ದಿನ ಅತಿಥಿಗಳು ಕಾರಿನಿಂದಿಳಿದಾಗ ಚಪ್ಪರದಡಿಯ ಕೆಂಪು ಜಮಖಾನದ ಮೇಲೆ ಬೋಳು ಕುರಿಗಳು ಕಾಲು ಮಡಚಿ ಮಲಗಿದ್ದವು. ನಡುವೆ ಅಕ್ಕ ನಿಂತಿದ್ದಳು.

"ಏನಿದು?" ಎಂದರು ಮ್ಯಾನೇಜರು.

"ಅವುಗಳ ತಗಡು ಸಾರ್. ಅವೇ ಕೂತಿವೆ. ನೂರಾ ತೊಂಬತ್ತಿದ್ದದ್ದು ಎಂಬತ್ತಕ್ಕೆ ಇಳೀತು, ಬೇಕಾದ್ರೆ ಎಣಿಸಿ."

ಯಾರೂ ಎಣಿಸಲಿಲ್ಲ. ಅಶಿಸ್ತಿನ ನೋಟಿಸು ಕೊಟ್ಟು ಆಕೆಯನ್ನು ಬೀಜದ ಗೋದಾಮಿಗೆ ಅಟ್ಟಿದರು. ಉಸಿರಾಡುವುದೊಂದೂ ಇಲ್ಲದ ಜಾಗವನ್ನು ಹುಡುಕಿಯೇ ಕೊಟ್ಟಿರಬೇಕು. ವಾರದೊಳಗೆ ತಗಡುಗಳು ಮಾತಿಲ್ಲದೆ ದೊಡ್ಡಿಗೆ ಮರಳಿದವು. ಮುಂದಿನ ವರ್ಷ ಹೊಸ ಸುತ್ತೋಲೆ ಹೊರಟಿತು: ಬೇಸಿಗೆ ಬಲಿಯುವ ಮೊದಲೇ ಉಣ್ಣೆ ಕತ್ತರಿಸಬೇಕು, ಬೆನ್ನಿನ ಮೇಲೆ ಎರಡು ಬೆರಳು ಉಳಿಸಬೇಕು, ನೆರಳಿಲ್ಲದೆ ಬಿಡಕೂಡದು. ಕೆಳಗೆ ಮ್ಯಾನೇಜರ ಸಹಿ. ಅವರ ದೂರದೃಷ್ಟಿಗೆ ಪ್ರಶಂಸಾಪತ್ರವೂ ಬಂತು!

ತಮ್ಮ ಕೆಂಡವಾದ. ಅಕ್ಕನ ಸಿಟ್ಟು ಬೇರೆಯೇ ಕಡೆಗಿತ್ತು. "ಹೊಗಳಿಕೆ ಅವರೇ ಇಟ್ಕೊಳ್ಲಿ ಕಣೋ. ಆ ಎರಡು ಮರಿ ಮುಪ್ಪಿನಿಂದ ಸತ್ವು ಅಂತ ಪುಸ್ತಕದಲ್ಲಿ ಇನ್ನೂ ಇದೆಯಲ್ಲ, ಅದನ್ನ ಮೊದ್ಲು ಹೊಡೆದುಹಾಕ್ಲಿ." ಪ್ರತಿ ಸೋಮವಾರ ಕಚೇರಿಗೆ ಹೋಗಿ ಅದನ್ನೇ ಕೇಳಿದಳು. ನಿವೃತ್ತಿಯ ದಿನವೂ ಹಾರ ಹಾಕಿಸಿಕೊಳ್ಳುವ ಮೊದಲು ಅದನ್ನೇ ಕೇಳಿದಳು. ಆ ಸಾಲು ಇಂದಿಗೂ ಹಾಗೆಯೇ ಇದೆ.

ಇಂಥವರಿಗೆ ನಾವು ಇಟ್ಟಿರುವ ಹೆಸರು ಜಗಳಗಂಟಿ. ಕಂಡದ್ದನ್ನು ಕಂಡಷ್ಟೇ ಹೇಳುವ, ಹೇಳಿದ್ದನ್ನು ಒಂದಂಕಿಯೂ ಇಳಿಸದ ಈ ಜಾತಿಯ ಜನ ಯಾವ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಕಾಣುವುದಿಲ್ಲ. ಅವರು ಕಾದಾಡಿ ಗಳಿಸಿದ ನೆರಳಿನಲ್ಲೇ ಆರಾಮವಾಗಿ ಕೂತು, ಅವರ ನಾಲಿಗೆ ಬಲು ಬಿರುಸೆಂದು ದೂರುವವರು ನಾವು.