ಸುಣ್ಣ ಬಳಿದರೆ ಸುಣ್ಣ ಎನ್ನಿ

ಹೊಸಪೇಟೆಯ ಮರುಳಸಿದ್ದಮ್ಮನಿಗೆ ಮನೆ ಗುಡಿಸಿ ಗುಡಿಸಿ ಸಾಕಾಗಿತ್ತು. ಗಂಡ ಜಡೆಪ್ಪನಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಈ ಮನೆ ಮಾರಿದರೆ ಮಾತ್ರ ಅಲ್ಲೊಂದು ಮನೆ ಮಾಡಿ ಇಬ್ಬರೂ ಕೂಡಿ ಇರಬಹುದಿತ್ತು. ಅವನು ಅಲ್ಲಿ, ತಾನು ಇಲ್ಲಿ. ಇದೆಂಥ ಸಂಸಾರ ಎಂದು ಅವಳಿಗೆ ಅಳು ಬರುತ್ತಿತ್ತು. ಕೊಳ್ಳುವವರೇನೋ ಕರಪತ್ರ ಹಿಡಿದು ಬರುತ್ತಿದ್ದರು. ಪಡಸಾಲೆಯ ತೊಲೆಗೆ ಕೋಲಿನಿಂದ ತಿವಿಯುವರು, ಗೆದ್ದಲ ಮಣ್ಣು ಉದುರಿದ್ದೇ ಮುಖ ಸಿಂಡರಿಸಿಕೊಂಡು ಹೊರಟುಹೋಗುವರು. ಆ ಮಣ್ಣು ಗುಡಿಸುವ ಕೆಲಸ ಇವಳದು.

ಕರಪತ್ರ ಬರೆದವನು ಮೈದುನ ಕೊಟ್ರಯ್ಯ. ಮಾತಿನಲ್ಲೇ ಅರಮನೆ ಕಟ್ಟುವ ಆಸಾಮಿ. "ಹೊಚ್ಚಹೊಸ ಮಾಳಿಗೆ! ಅಡಿಯಿಂದ ಮುಡಿಯವರೆಗೆ ನವೀಕರಿಸಿದ ಭವ್ಯ ಗೃಹ!" ಎಂದು ಬಳ್ಳಾರಿಯಲ್ಲಿ ಅಚ್ಚು ಹಾಕಿಸಿ ತಂದಿದ್ದ. ಮಾಡಿಸಿದ್ದಾದರೂ ಏನು? ಊರವರೆಲ್ಲ ಮಳೆಗಾಲಕ್ಕೆ ಮುಂಚೆ ಮಾಡುವಂತೆ ಇವರೂ ಮಾಳಿಗೆಯ ಮಣ್ಣಿನ ಚಾವಣಿಯ ಮೇಲೆ ನೀರು ಇಳಿಯದಿರಲೆಂದು ಕರಲು ಮಣ್ಣು ಹಾಸಿದ್ದರು, ಗೋಡೆಗೆ ಸುಣ್ಣ ಬಳಿದಿದ್ದರು. ಅಡುಗೆಮನೆಗೆ ಮಾತ್ರ ಜಡೆಪ್ಪ ನಿಜವಾಗಿಯೂ ಹೊಸ ತೇಗದ ತೊಲೆ ಹಾಕಿಸಿದ್ದ. ಆದರೆ ಪಡಸಾಲೆ ದಾಟಿ ಅಲ್ಲಿಯತನಕ ಯಾರೂ ಬರುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅಕ್ಕನಾಗಮ್ಮ ಬಂದು ಕರಪತ್ರ ಓದಿದಳು. ಸಂಡೂರಿನಲ್ಲಿ ಇಂಥದ್ದೇ ಮಾತು ನಂಬಿ, ಸೋರುವ ಮನೆಗೆ ಬಾಡಿಗೆಗೆ ಹೋಗಿ ಪಾಡು ಪಟ್ಟವಳು ಅವಳು.

"ಮದರಾಸಿನ ಲಾಟಸಾಹೇಬರ ಬಂಗ್ಲೇನೂ ಇಷ್ಟು ಭವ್ಯ ಇರಲಿಕ್ಕಿಲ್ಲ! ಮಣ್ಣು ಹಾಸಿದ್ದಕ್ಕ ಹೊಸ ಮಾಳಿಗಿ ಅಂತಾರೇನವ್ವಾ? ಪಡಸಾಲಿ ತೊಲಿ ನೋಡಿದ ಕೂಡ್ಲೇ, ಇವ್ರು ಹೇಳಿದ್ದೆಲ್ಲಾ ಸುಳ್ಳು ಅಂತ ಹೊಳ್ಳಿ ಹೋಗ್ತಾರ."

ಅಲ್ಲೇ ಕೂತಿದ್ದ ಕೊಟ್ರಯ್ಯ ನಕ್ಕ. "ಗೆದ್ದಲ ಹತ್ತೇತಿ ಅಂತ ಬರದ್ರ ಯಾವ ಹುಚ್ಚ ಬರ್ತಾನ್ರೀ? ಎಲ್ಲಾರೂ ಹಿಂಗ ಬರೀತಾರ."

"ಎಲ್ಲಾರೂ ಬರೀತಾರಂತನ ಯಾರೂ ನಂಬಲ್ಲಪಾ. ಏನು ಮಾಡ್ಸೀರಿ, ಯಾವಾಗ ಮಾಡ್ಸೀರಿ, ಏನು ಉಳದೈತಿ, ಅಷ್ಟ ಬರಿ."

ಇದ್ದದ್ದು ಬರೆದರೆ ಯಾರೂ ಬರದೇ ಹೋದಾರು ಎಂದು ಮರುಳಸಿದ್ದಮ್ಮನಿಗೆ ಅಂಜಿಕೆಯೇ. ಆದರೆ ವಾದ ಮಾಡುವ ತ್ರಾಣ ಇರಲಿಲ್ಲ. "ಅಕ್ಕ ಹೇಳಿದಂಗ ಬರಿಯಪ್ಪಾ. ಸುಳ್ಳು ಕಾಯ್ದು ಕಾಯ್ದು ನನಗ ಸಾಕಾಗೇತಿ" ಎಂದಳು.

ಕೊಟ್ರಯ್ಯ ಗೊಣಗುತ್ತಲೇ ಬರೆದ: "ಮಾಳಿಗೆಗೆ ಈ ವರ್ಷ ಕರಲು ಮಣ್ಣು ಹಾಸಿದೆ. ಗೋಡೆಗೆ ಸುಣ್ಣ ಆಗಿದೆ. ಅಡುಗೆಮನೆಗೆ ಹೋದ ವರ್ಷ ತೇಗದ ಹೊಸ ತೊಲೆ ಹಾಕಿಸಿದೆ. ಪಡಸಾಲೆಯ ತೊಲೆಗೆ ಗೆದ್ದಲು ಹತ್ತಿದೆ, ಕೊಂಡವರು ಬದಲಿಸಬೇಕು."

ಕೆಲವು ದಿನ ಯಾರೂ ಬರಲಿಲ್ಲ. "ನಾ ಹೇಳಿದ್ದಿಲ್ಲೇನು?" ಎಂದು ಕೊಟ್ರಯ್ಯ ಚುಚ್ಚಿದ. ಆಮೇಲೆ ಚೋರನೂರಿನ ಓಬಳೇಶ ಎಂಬವನು ಹೊಸ ಕರಪತ್ರ ಹಿಡಿದು ಬಂದ. ನೇರ ಪಡಸಾಲೆಗೆ ನಡೆದು ತೊಲೆ ತಿವಿದ. ಮಣ್ಣು ಉದುರಿತು. ಮರುಳಸಿದ್ದಮ್ಮ ಕಸಬರಿಗೆ ಕೈಗೆತ್ತಿಕೊಂಡಳು.

"ಬರದಂಗನ ಐತಲ್ಲಬೇ!" ಎಂದ ಓಬಳೇಶ. "ಇದು ಖರೇ ಅಂದಮ್ಯಾಲ ಅಡಿಗಿಮನಿ ತೊಲಿನೂ ಖರೇನ ಇರ್ತೈತಿ. ನಡೀರಿ, ತೋರಸ್ರಿ."

ಅಡುಗೆಮನೆಯ ಹೊಸ್ತಿಲು ದಾಟಿದ ಮೊದಲ ಗಿರಾಕಿ ಅವನೇ. ಮನೆಯನ್ನೂ ಅವನೇ ಕೊಂಡ. ಕಂಪ್ಲಿಯ ಗಾಡಿಗೆ ಕೊಡ ಕೊಪ್ಪರಿಗೆ ಏರಿಸುತ್ತ ಕೊಟ್ರಯ್ಯ ತಲೆ ತಗ್ಗಿಸಿದ. "ಅತ್ತಿಗೀ, ನನ್ನ ಬರಹದಿಂದ ನೀವು ಇಷ್ಟು ದಿನ ಅಣ್ಣನ್ನ ಬಿಟ್ಟು ಇರಂಗಾತು."

ಮನೆ ಮಾರುವವರೇ, ಬಾಡಿಗೆಗೆ ಕೊಡುವವರೇ, ಸುಣ್ಣ ಬಳಿದಿದ್ದರೆ ಸುಣ್ಣ ಎನ್ನಿ, ಮಣ್ಣು ಹಾಸಿದ್ದರೆ ಮಣ್ಣು ಎನ್ನಿ. ದೊಡ್ಡ ಮಾತಿನಡಿ ನೀವು ನಿಜವಾಗಿ ಮಾಡಿಸಿದ ಕೆಲಸವೂ ಹೂತುಹೋಗುತ್ತದೆ. ನಿಮ್ಮ ಬಾಗಿಲಿಗೆ ಬರುವವರೂ ಊರೂರು ಮನೆ ನೋಡಿ ದಣಿದವರೇ. ಅವರನ್ನು ಸುಮ್ಮನೆ ಅಲೆಸಬೇಡಿ.