ಸಾಜಿಮ್ಮನ ಶುಗರ್

ಮಯ್ಯತ್ ಮೀಯಿಸುವ ನೀರು ಇನ್ನೂ ಬಿಸಿಯಾಗಿರಲಿಲ್ಲ. ಅಷ್ಟರಲ್ಲೇ ಝೊಹರಾ ಸತ್ತು ಮಲಗಿದ ತಂಗಿಯ ದಿಂಬಿನಡಿಗೆ ಕೈ ಹಾಕಿ ಕಪಾಟಿನ ಕೀ ಎಳೆದುಕೊಂಡದ್ದನ್ನು ಸೊಸೆ ಮುನೀರಾ ನೋಡಿಬಿಟ್ಟಳು.

ಸಾಜಿದಾ ಹೋದದ್ದು ಬೆಳಗಿನ ಬಾಂಗಿಗೆ ಸ್ವಲ್ಪ ಮುಂಚೆ, ಎದೆ ಹಿಡಿದುಕೊಂಡು. ಅರುವತ್ತಾಗಿರಲಿಲ್ಲ. ಮದುವೆಯಾಗದೆ ಬಿಜೈಯ ಈ ಮನೆಯಲ್ಲಿ ಅಕ್ಕನ ಜೊತೆಗೇ ಉಳಿದು, ಇಡೀ ಓಣಿಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿದವಳು. ಎಲ್ಲರ ಬಾಯಲ್ಲಿ ಸಾಜಿಮ್ಮ. ಅವಳನ್ನು ಮಸೀದಿಗೆ ಒಯ್ಯುವುದು ಸಂಜೆಯ ಅಸರ್ ನಮಾಜಿನ ಹೊತ್ತಿಗೆ. ಅಲ್ಲಿಯವರೆಗೆ ಕಪಾಟೇನು ಓಡಿಹೋಗುತ್ತಿತ್ತೇ? ತಂಗಿಯ ಚಿನ್ನದ ಬಳೆಗಳ ಮೇಲೆ ಕಣ್ಣು, ಎಂದುಕೊಂಡಳು ಮುನೀರಾ.

ಬಾಗಿಲ ಸಂದಿಯಲ್ಲಿ ಕಂಡದ್ದು ಬಳೆಯಲ್ಲ. ಅತ್ತೆ ಒಂದು ಹಳದಿ ಫೈಲನ್ನೂ ಮಾತ್ರೆಯ ಡಬ್ಬಿಯನ್ನೂ ಹಳೆಯ ನೈಟಿಯಲ್ಲಿ ಸುತ್ತಿ, ಹೊರಗೆ ಹಾಕಲೆಂದು ಕಟ್ಟಿಟ್ಟ ಹಾಸಿಗೆಯ ಗಂಟಿನೊಳಗೆ ತುರುಕುತ್ತಿದ್ದಳು.

"ಎಂತ ಮಾಮಿ ಅದು?"

ಝೊಹರಾ ಬೆಚ್ಚಿದಳು. "ಶುಗರಿನ ಮಾತ್ರೆ. ಸತ್ತವಳದ್ದು ಮನೆಯಲ್ಲಿ ಯಾಕೆ? ನೀನು ಹೋಗು, ಕರ್ಪೂರ ಎಲ್ಲಿ ಉಂಟು ನೋಡು."

ಶುಗರ್! ಈ ಮನೆಗೆ ಕಾಲಿಟ್ಟಂದಿನಿಂದ ಮುನೀರಾ ಕೇಳಿದ ಶಬ್ದ. ಸಾಜಿಮ್ಮ ರಂಜಾನಿನಲ್ಲಿ ಉಪವಾಸ ಹಿಡಿಯದಿದ್ದರೆ ಶುಗರ್. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋದರೆ ಶುಗರ್. ಕುಡಿಯುವ ಚಹಾಕ್ಕೆ ಮಾತ್ರ ಮೂರು ಚಮಚ ಸಕ್ಕರೆ.

ಹಜಾರದಲ್ಲಿ ಹೆಂಗಸರು ಕುರಾನಿನ ಯಾಸೀನ್ ಓದುತ್ತಿದ್ದರು. ಝೊಹರಾಳ ಕಿರಿಮಗಳು ಶಾಝಿಯಾಳನ್ನು ನೋಡಿ ಒಪ್ಪಿದ್ದ ಹುಡುಗನ ತಾಯಿಯೂ ಬಂದು ಕೂತಿದ್ದಳು.

"ಪಾಪ, ಎಂತ ಕಾಯಿಲೆ ಇತ್ತು?" ಎಂದು ಆಕೆ ಕೇಳಿದಳು.

"ಶುಗರ್," ಎಂದಳು ಝೊಹರಾ, ಪ್ರಶ್ನೆ ಮುಗಿಯುವ ಮೊದಲೇ.

ಪಕ್ಕದ ಮನೆಯ ಜೋನ್ ಬಾಯಿ ಕಣ್ಣೊರೆಸಿಕೊಳ್ಳುತ್ತಲೇ, "ಎಂತ ಶುಗರ್ ಮಾರಾಯ್ತಿ! ಕ್ರಿಸ್ಮಸಿಗೆ ನಾನು ತಂದ ಕುಸ್ವಾರಿನ ಸಿಹಿತಿಂಡಿಯ ತಟ್ಟೆ ಒಬ್ಬಳೇ ಖಾಲಿ ಮಾಡ್ತಿದ್ದಳು. ಎಷ್ಟು ಬೈದಿದ್ದೇನೆ..." ಎಂದರು.

"ಸಾಕು ಬಾಯಿ. ಓದ್ತಿದ್ದಾರೆ."

ಹುಡುಗನ ತಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮನೆಯ ಗೋಡೆಗಳನ್ನೊಮ್ಮೆ ನೋಡಿದಳು. ಅವಳನ್ನು ನೋಡುತ್ತಿದ್ದ ಝೊಹರಾಳನ್ನು ಮುನೀರಾ ನೋಡಿದಳು.

*

ಹೋದ ವಾರವಷ್ಟೇ ಬಲ್ಮಠದ ಕ್ಲಿನಿಕ್ಕಿನಲ್ಲಿ ಮುನೀರಾಳ ಮಗಳು ಸಫಾ ಡಾಕ್ಟರರ ಮೇಜಿನ ಕೆಳಗೆ ಕೂತು ಚಪ್ಪಲಿಯ ಬಕಲ್ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಹನ್ನೊಂದು ವರ್ಷ. ಆಟಿಸಂ ಎಂದು ಗೊತ್ತಾದದ್ದು ಮೂರನೆಯ ವರ್ಷಕ್ಕೆ. ಎರಡು ತಿಂಗಳಿಂದ ಹೊಸದೊಂದು ಶುರುವಾಗಿತ್ತು: ವಾರಗಟ್ಟಲೆ ಮೂಲೆ ಹಿಡಿದು ಅಳು, ನಡುವೆ ನಾಲ್ಕೈದು ದಿನ ನಿದ್ದೆಯೇ ಇಲ್ಲದೆ ಒಬ್ಬಳೇ ನಗು.

"ಮಂಕಿಗೆ ಒಂದು ಮಾತ್ರೆ ಕೊಡುವ ಅಂತ ಉಂಟು," ಎಂದರು ಡಾಕ್ಟರ್ ಸಂಚಿತಾ. "ಅದಕ್ಕೆ ಮೊದಲು ಹೇಳಿ, ಕುಟುಂಬದಲ್ಲಿ ಯಾರಿಗಾದ್ರೂ ಬೈಪೋಲಾರ್ ಇತ್ತಾ? ಕೆಲವು ದಿನ ವಿಪರೀತ ಹುರುಪು, ಮತ್ತೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದಿರುವುದು?"

"ನಮ್ಮಲ್ಲಿ ಯಾರಿಗೂ ಇಲ್ಲ," ಜೊತೆಗೆ ಬಂದಿದ್ದ ಝೊಹರಾ ಎಂದಳು. "ಇವಳ ತವರಿನದ್ದು ನನಗೆ ಗೊತ್ತಿಲ್ಲ."

"ಆಟಿಸಮ್ಮಿಗೂ ಅದಕ್ಕೂ ಎಂತ ಸಂಬಂಧ ಡಾಕ್ಟ್ರೇ?" ಎಂದು ಮುನೀರಾ ಕೇಳಿದಳು.

"ಕಾಯಿಲೆ ಬೇರೆ ಬೇರೆ. ಆದರೆ ಎರಡರ ಹಿಂದೆಯೂ ನೂರಾರು ಜೀನ್‌ಗಳು. ಅದರಲ್ಲಿ ಕೆಲವು ಎರಡಕ್ಕೂ ಸೇರಿದ್ದು. ಒಂದೇ ಮನೆಯಲ್ಲಿ ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು ಬರಬಹುದು; ಬರದೆಯೂ ಇರಬಹುದು. ಯಾರ ತಪ್ಪೂ ಅಲ್ಲ. ಆದರೆ ಹತ್ತಿರದವರಿಗೆ ಇದ್ದದ್ದು ಹೌದಾದರೆ ಈ ಮಾತ್ರೆಗೆ ನಾನು ಹೆದರ್ತೇನೆ. ಮಗುವನ್ನು ಇನ್ನೊಂದು ತುದಿಗೆ, ಆ ವಿಪರೀತ ಹುರುಪಿಗೆ, ಎತ್ತಿ ಬಿಡಬಹುದು. ಸರಿಯಾಗಿ ಕೇಳಿಕೊಂಡು ಸೋಮವಾರ ಬನ್ನಿ."

ಮನೆಗೆ ಬಂದಾಗ ಸಾಜಿಮ್ಮ ಸಫಾಳ ಹೊಸ ಫ್ರಾಕಿನ ಕುತ್ತಿಗೆಯ ಲೇಬಲ್ ಬಿಚ್ಚುತ್ತ ಕೂತಿದ್ದಳು. ಅದು ಚುಚ್ಚಿದರೆ ಮಗು ಇಡೀ ದಿನ ಕಿರುಚುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

"ಮಲಗದೆ ಎಷ್ಟು ದಿನ ಆಯ್ತು?" ಎಂದಳು, ತಲೆಯೆತ್ತದೆ.

"ನಾಲ್ಕು."

"ನಗುವಾಗ ಬೈಬೇಡ ಆಯ್ತಾ. ಒಳಗೆ ಹತ್ತು ಮಿಷನ್ ಒಟ್ಟಿಗೆ ಓಡಿದ ಹಾಗೆ ಆಗ್ತದೆ. ನಿಲ್ಲಿಸುವ ಅಂದ್ರೆ ಪೆಡಲ್ ಕಾಲಿಗೆ ಸಿಗುದಿಲ್ಲ."

"ನಿಮಗೆ ಹೇಗೆ ಗೊತ್ತು?"

"ಸಾಜೀ," ಅಡುಗೆಮನೆಯಿಂದ ಝೊಹರಾ ಕೂಗಿದಳು, "ಚಾ ತಣಿಯಿತು!"

*

ಮೀಯಿಸುವಾಗ ಝೊಹರಾ ಬೇರೆ ಯಾರಿಗೂ ತಂಬಿಗೆ ಕೊಡಲಿಲ್ಲ. ತಾನೇ ನೀರು ಹೊಯ್ದಳು, ತಾನೇ ಕಫನಿನ ಗಂಟು ಕಟ್ಟಿದಳು. ಮುನೀರಾ ಆ ಬಿಳಿ ಬಟ್ಟೆಯನ್ನು ನೋಡುತ್ತ ಹಳೆಯದನ್ನೆಲ್ಲ ಜೋಡಿಸುತ್ತಿದ್ದಳು. ಜೂನ್ ಬಂದರೆ ಮೂರು ರಾತ್ರಿ ಕಣ್ಣು ಮುಚ್ಚದೆ, ಹಾಡು ಹೇಳುತ್ತ ನಲ್ವತ್ತು ಯೂನಿಫಾರ್ಮ್ ಹೊಲಿದ ಸಾಜಿಮ್ಮ. ಆಮೇಲೆ ಚೌತಿ ಕಳೆದರೂ ಮಿಷನಿನ ಮೇಲಿನ ಬಟ್ಟೆ ತೆಗೆಯದ ಸಾಜಿಮ್ಮ. ಸೊಂಟನೋವು ಎನ್ನುತ್ತಿದ್ದರು ಮನೆಯವರು. ಮುನೀರಾ ನಂಬುತ್ತಿದ್ದಳು, ಸೊಂಟಕ್ಕೆ ಎಣ್ಣೆಯನ್ನೂ ಕಾಯಿಸಿ ಕೊಟ್ಟಿದ್ದಳು.

"ಉಮ್ಮಾ, ಹಾಸಿಗೆ ಒಯ್ಯುವವರು ಬಂದ್ರು," ಹೊರಗಿನಿಂದ ನಿಯಾಝ್ ಹೇಳಿದ. ಝೊಹರಾಳ ಮಗ, ಮುನೀರಾಳ ಗಂಡ.

ಝೊಹರಾ ಕೋಣೆಗೆ ಬಂದಾಗ ಮುನೀರಾ ಆ ಗಂಟಿನ ಮೇಲೆಯೇ ಕೂತಿದ್ದಳು.

"ಏಳು."

"ಫೈಲು ಕೊಡಿ ಮಾಮಿ."

ಝೊಹರಾ ಬಾಗಿಲಿನ ಚಿಲಕ ಹಾಕಿದಳು. "ಹೊರಗೆ ಯಾರು ಕೂತಿದ್ದಾರೆ ಗೊತ್ತುಂಟಲ್ಲ? ಅವರ ಕಿವಿಗೆ ಬಿದ್ರೆ ಶಾಝಿಯಾಳ ಸಂಬಂಧ ಮುಗೀತು. ಸಾಜಿದಾಳದ್ದು ಎರಡು ಸಲ ಹೀಗೇ ಮುರಿದದ್ದು."

"ಸಫಾಳದ್ದು ನನ್ನ ತವರಿನ ರಕ್ತ ಅಂತ ಎಂಟು ವರ್ಷ ಹೇಳಿದ್ರಿ. ನಾನು ನನ್ನ ಉಮ್ಮನ ಹತ್ರ ಜಗಳ ಮಾಡಿ ಕೇಳಿದ್ದೇನೆ, ಯಾರಿಗೆ ಇತ್ತು, ಯಾರಿಗೆ ಇತ್ತು ಅಂತ. ಹೋಗ್ಲಿ, ಅದು ಬೇಡ ಈಗ. ಸೋಮವಾರ ಡಾಕ್ಟ್ರು ಮಾತ್ರೆ ಬರೀತಾರೆ. ನುಂಗುವವಳು ಸಫಾ."

ಝೊಹರಾ ಚಿಲಕವನ್ನು ಇನ್ನೊಮ್ಮೆ ಒತ್ತಿ ನೋಡಿದಳು. "ನೀನು ಹೊರಗೆ ಬಾಯಿ ಬಿಡುದಿಲ್ಲ ಅಂತ ನಾನು ಹೇಗೆ ನಂಬುದು?"

ಅದು ಮುನೀರಾಳಿಗೂ ಗೊತ್ತಿರಲಿಲ್ಲ. ಗಂಟಿನ ಮೇಲಿಂದ ಎದ್ದು ಪಕ್ಕಕ್ಕೆ ನಿಂತಳು, ಅಷ್ಟೇ.

ಝೊಹರಾ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚಿದಳು. ಫೈಲಿನ ಮೊದಲ ಹಾಳೆಯ ಮೇಲ್ತುದಿಯನ್ನು ಮಡಚಿ, ಉಗುರಿನಿಂದ ಗೀರಿ, ಸಾಜಿದಾಳ ಹೆಸರಿದ್ದ ಪಟ್ಟಿಯನ್ನು ನೀಟಾಗಿ ಹರಿದು ಮುಷ್ಟಿಯಲ್ಲಿ ಇಟ್ಟುಕೊಂಡಳು. ಉಳಿದದ್ದನ್ನು ಸೊಸೆಗೆ ಚಾಚಿದಳು. ಆಮೇಲೆ ಎರಡನೆಯ ಹಾಳೆ. ಆಮೇಲೆ ಮೂರನೆಯದು.

"ಉಮ್ಮಾ, ಬನ್ನಿ, ಕೊನೆಗೊಮ್ಮೆ ಮುಖ ನೋಡ್ಲಿಕ್ಕೆ," ನಿಯಾಝ್ ಬಾಗಿಲು ತಟ್ಟಿದ.

"ಬಂದೆ," ಎಂದಳು ಝೊಹರಾ. ಕೈ ನಿಲ್ಲಲಿಲ್ಲ.

ಮುನೀರಾ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೈಪೋಲಾರ್. ಲಿಥಿಯಂ. ಉಪವಾಸ ಕೂಡದು, ನೀರು, ಉಪ್ಪು ಕಡಿಮೆ ಮಾಡಕೂಡದು. ಇಪ್ಪತ್ತೆರಡು ವರ್ಷಗಳ ತಾರೀಕುಗಳು. ಒಂದೊಂದು ಹಾಳೆಯ ಅಡಿಯಲ್ಲೂ 'ಜೊತೆಗೆ ಬಂದವರು' ಎಂಬಲ್ಲಿ ಒಂದೇ ರುಜು. ಹಳೆಯ ಹಾಳೆಗಳಲ್ಲಿ ದುಂಡಗೆ, ಒತ್ತಿ ಬರೆದದ್ದು. ಈಚಿನವುಗಳಲ್ಲಿ ನಡುಗಿ, ಗೆರೆಯಿಂದ ಕೆಳಗೆ ಜಾರಿದ್ದು: ಝೊಹರಾ, ಝೊಹರಾ, ಝೊಹರಾ. ಕನ್ನಡಕವಿಲ್ಲದೆ ಕೂತ ಮುದುಕಿ ಹಾಳೆಯ ಮೇಲ್ತುದಿಯ ಹೆಸರನ್ನು ಮಾತ್ರ ಹರಿಯುತ್ತಿದ್ದಳು.